ಹಾರ್ಪರ್ಸ್ ಫೆರಿ: ಬಂದೂಕು ಸುಟ್ಟವು, ಯಂತ್ರ ಉಳಿದವು

1861ರ ಏಪ್ರಿಲ್ 18, ರಾತ್ರಿ ಹತ್ತು ದಾಟಿತ್ತು. ಅಮೆರಿಕದ ವರ್ಜೀನಿಯಾ ರಾಜ್ಯದ ಹಾರ್ಪರ್ಸ್ ಫೆರಿ ಎಂಬ ಸಣ್ಣ ಊರಿನಲ್ಲಿ ಸರ್ಕಾರದ ಶಸ್ತ್ರಾಗಾರಕ್ಕೆ ಸರ್ಕಾರದ ಸೈನಿಕರೇ ಬೆಂಕಿ ಇಟ್ಟರು. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಉತ್ತರದ ಒಕ್ಕೂಟ ಸರ್ಕಾರದ ಮೇಲೆ ಯುದ್ಧಕ್ಕಿಳಿದಿದ್ದ ಅಮೆರಿಕದ ಅಂತರ್ಯುದ್ಧದ ಮೊದಲ ವಾರ ಅದು. ಲೆಫ್ಟಿನೆಂಟ್ ರೋಜರ್ ಜೋನ್ಸ್ ಕೈಕೆಳಗೆ ಇದ್ದದ್ದು ಐವತ್ತರ ಆಸುಪಾಸಿನ ಜನ. ಉಗ್ರಾಣದ ಎರಡು ಕಟ್ಟಡಗಳಲ್ಲಿ ಸುಮಾರು 15,000 ಬಂದೂಕುಗಳಿದ್ದವು. ಮೂರು ನಿಮಿಷದೊಳಗೆ ಎರಡಕ್ಕೂ ಬೆಂಕಿ ಹತ್ತಿಕೊಂಡಿತು ಎಂದು ಜೋನ್ಸ್ ಆಮೇಲೆ ವರದಿ ಬರೆದ. ಬೆಂಕಿ ಇಟ್ಟವನೇ ತನ್ನವರನ್ನು ಕರೆದುಕೊಂಡು ಪೊಟೊಮ್ಯಾಕ್ ನದಿಯ ಸೇತುವೆ ದಾಟಿ, ಕತ್ತಲಲ್ಲೇ ಉತ್ತರಕ್ಕೆ ಹೊರಟುಹೋದ.

ವರದಿ ಓದಿದರೆ ಕೆಲಸ ಮುಗಿದ ಹಾಗೇ ಕಾಣುತ್ತದೆ. ಶತ್ರುವಿನ ಕೈಗೆ ಹೋಗಬೇಕಿದ್ದ ಬಂದೂಕುಗಳು ಸುಟ್ಟುಹೋದವು, ಜೋನ್ಸ್‌ಗೆ ವಾಷಿಂಗ್ಟನ್‌ನಿಂದ ಶಹಬ್ಬಾಸ್ ಸಿಕ್ಕಿತು, ಬಡ್ತಿಯೂ ಸಿಕ್ಕಿತು. ಆದರೆ ಆ ರಾತ್ರಿ ಉಗ್ರಾಣ ಮಾತ್ರ ಪೂರ್ತಿ ಸುಟ್ಟಿತು. ಪಕ್ಕದಲ್ಲೇ ಇದ್ದ ಬಂದೂಕು ಕಾರ್ಖಾನೆಯ ಬೆಂಕಿಯನ್ನು ಊರಿನವರು ಓಡಿಬಂದು ಆರಿಸಿದರು. ಬಂದೂಕು ಮಾಡುವ ಯಂತ್ರಗಳು ಹೆಚ್ಚು ಕಡಿಮೆ ಹಾಗೇ ಉಳಿದವು. ಮುಂದಿನ ನಾಲ್ಕು ವರ್ಷ ಅದೇ ಯಂತ್ರಗಳು ದಕ್ಷಿಣದ ಸೈನ್ಯಕ್ಕೆ ಬಂದೂಕು ಮಾಡಿಕೊಟ್ಟವು. ಬೆಂಕಿ ಆರಿಸಿದ ಕೆಲಸಗಾರರಿಗೆ ಮಾತ್ರ ಕಾರ್ಖಾನೆ ಉಳಿಯಲಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ.

ಎರಡು ನದಿ ಸೇರುವ ಜಾಗ

ಪೊಟೊಮ್ಯಾಕ್ ಮತ್ತು ಶೆನಂಡೋವಾ ನದಿಗಳು ಸೇರುವ ಮೂಲೆಯಲ್ಲಿ ಹಾರ್ಪರ್ಸ್ ಫೆರಿ ಇದೆ. ಮೂರು ಕಡೆ ಗುಡ್ಡ, ನಡುವೆ ತಗ್ಗಿನಲ್ಲಿ ಊರು. 1794ರಲ್ಲಿ ಅಮೆರಿಕದ ಸಂಸತ್ತು ಸರ್ಕಾರದ್ದೇ ಆದ ಬಂದೂಕು ಕಾರ್ಖಾನೆಗಳಿಗೆ ಒಪ್ಪಿಗೆ ಕೊಟ್ಟಾಗ, ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಆರಿಸಿದ ಜಾಗಗಳಲ್ಲಿ ಇದೂ ಒಂದು. ಇನ್ನೊಂದು ಉತ್ತರದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್. ಹಾರ್ಪರ್ಸ್ ಫೆರಿಯಲ್ಲಿ ಯಂತ್ರ ತಿರುಗಿಸಲು ನೀರಿನ ಬಲ ಇತ್ತು. ಸುತ್ತಲ ಕಾಡಿನಲ್ಲಿ ಮರ ಇತ್ತು, ಹತ್ತಿರದಲ್ಲೇ ಕಬ್ಬಿಣ ಸಿಗುತ್ತಿತ್ತು. ಸಮುದ್ರದಿಂದ ದೂರ, ಹಾಗಾಗಿ ಹಡಗಿನಲ್ಲಿ ಬರುವ ಶತ್ರುವಿನ ಭಯವೂ ಇರಲಿಲ್ಲ. ಶತ್ರು ಒಳಗಿನಿಂದಲೇ ಹುಟ್ಟಬಹುದು ಅಂತ ಆಗ ಯಾರು ಯೋಚಿಸುತ್ತಾರೆ ಅಲ್ವಾ?

1796ರಲ್ಲಿ ಜಾಗ ಕೊಂಡರು. 1799ರಲ್ಲಿ ಕಟ್ಟಡ ಏಳತೊಡಗಿತು. ಹೊಸ ಶತಮಾನ ಶುರುವಾಗುತ್ತಿದ್ದಂತೆ ಬಂದೂಕುಗಳು ಹೊರಬಂದವು. 1803ರಲ್ಲಿ ಅನ್ವೇಷಕ ಮೆರಿವೆದರ್ ಲೂಯಿಸ್ ತನ್ನ ಪಶ್ಚಿಮದ ಮಹಾಯಾನಕ್ಕೆ ಹೊರಡುವ ಮೊದಲು ಇಲ್ಲಿಗೇ ಬಂದು ರೈಫಲ್‌ಗಳನ್ನು ತೆಗೆದುಕೊಂಡು ಹೋದ. ಬಿಚ್ಚಿ ಜೋಡಿಸಬಹುದಾದ ಒಂದು ದೋಣಿಯ ಕಬ್ಬಿಣದ ಚೌಕಟ್ಟನ್ನೂ ಇಲ್ಲೇ ಮಾಡಿಸಿಕೊಂಡ. 1861ರ ಹೊತ್ತಿಗೆ ಈ ಊರಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಬಂದೂಕು, ರೈಫಲ್, ಪಿಸ್ತೂಲುಗಳು ತಯಾರಾಗಿದ್ದವು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಊರಿನಲ್ಲಿ ಸರ್ಕಾರದ್ದು ಮೂರು ಭಾಗ ಇತ್ತು. ಪೊಟೊಮ್ಯಾಕ್ ದಡದಲ್ಲಿ ಉದ್ದಕ್ಕೆ ಎರಡು ಸಾಲಿನಲ್ಲಿ ದೊಡ್ಡ ಕಾರ್ಖಾನೆ, ಅಲ್ಲಿ ಮಸ್ಕೆಟ್, ಅಂದರೆ ಕಾಲಾಳುಗಳ ಉದ್ದ ಬಂದೂಕು, ಮಾಡುತ್ತಿದ್ದರು. ಶೆನಂಡೋವಾ ದಡದಲ್ಲಿ ಚಿಕ್ಕದೊಂದು ರೈಫಲ್ ಕಾರ್ಖಾನೆ. ಎರಡರ ನಡುವೆ, ಊರಿನ ಮೂಲೆಯಲ್ಲಿ, ತಯಾರಾದ ಬಂದೂಕುಗಳನ್ನು ಜೋಡಿಸಿ ಇಡುವ ಉಗ್ರಾಣದ ಎರಡು ಕಟ್ಟಡ. ಶಸ್ತ್ರಾಗಾರ ಎಂದರೆ ನಮ್ಮ ಕಣ್ಣಿಗೆ ಮೊದಲು ಬರುವುದು ಉಗ್ರಾಣ. ಯುದ್ಧ ಬಂದಾಗ ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು.

ಜಾನ್ ಹಾಲ್‌ನ ಹಟ

ಶೆನಂಡೋವಾ ದಡದ ಚಿಕ್ಕ ಕಾರ್ಖಾನೆ ಜಾನ್ ಹಾಲ್ ಎಂಬವನ ಕೈಯಲ್ಲಿ ಬೆಳೆದದ್ದು. ಉತ್ತರದ ಮೇನ್ ಕಡೆಯ ಪೋರ್ಟ್‌ಲ್ಯಾಂಡ್‌ನವನು. ನಳಿಕೆಯ ತುದಿಯಿಂದ ಮದ್ದು ತುಂಬುವ ಬದಲು ಹಿಂಬದಿಯಿಂದ ತುಂಬುವ ರೈಫಲ್‌ಗೆ 1811ರಲ್ಲೇ ಪೇಟೆಂಟ್ ಪಡೆದಿದ್ದ. 1819ರಲ್ಲಿ ಸರ್ಕಾರ ಅವನಿಗೆ 1,000 ರೈಫಲ್ ಮಾಡಿಕೊಡುವ ಒಪ್ಪಂದ ಕೊಟ್ಟು ಹಾರ್ಪರ್ಸ್ ಫೆರಿಗೆ ಕರೆಸಿತು.

ಹಾಲ್‌ಗೆ ಸುಮ್ನೆ ಸಾವಿರ ಬಂದೂಕು ಮಾಡಿ ಕೈ ತೊಳೆದುಕೊಳ್ಳುವ ಮನಸ್ಸಿರಲಿಲ್ಲ. ಆಗಿನ ಬಂದೂಕು ಒಂದೊಂದೂ ಕುಶಲಕರ್ಮಿಗಳ ಕೈಯಲ್ಲಿ ರೂಪುಗೊಳ್ಳುತ್ತಿತ್ತು. ಒಂದರ ತಿರುಪು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಯುದ್ಧಭೂಮಿಯಲ್ಲಿ ಒಂದು ಭಾಗ ಮುರಿದರೆ ಬಂದೂಕೇ ಮೂಲೆಗೆ. ಯಾವ ಬಂದೂಕಿನ ಯಾವ ಭಾಗ ತೆಗೆದರೂ ಇನ್ನೊಂದಕ್ಕೆ ಸರಿಯಾಗಿ ಕೂರಬೇಕು ಎಂದು ಹಾಲ್ ಹಟ ಹಿಡಿದ. ಅದಕ್ಕಾಗಿ ಲೋಹ ಕತ್ತರಿಸುವ ಯಂತ್ರ, ಅಚ್ಚಿನಲ್ಲಿ ಬಡಿಯುವ ಸುತ್ತಿಗೆ, ಅಳತೆ ನೋಡುವ ಗೇಜ್ ಎಲ್ಲವನ್ನೂ ತಾನೇ ಮಾಡಿಕೊಂಡ. ಮೊದಲ ಸಾವಿರ ಮುಗಿಸಲು ಐದಾರು ವರ್ಷ ಹಿಡಿಯಿತು. ಜನ ಗೊಣಗಿದರು, ಮೇಲಿನ ಅಧಿಕಾರಿಗಳು ದುಂದು ಎಂದರು. ಕೊನೆಗೆ 1826ರಲ್ಲಿ ಒಂದು ತಪಾಸಣೆ ಸಮಿತಿ ಬಂತು. ನೂರು ರೈಫಲ್ ಬಿಚ್ಚಿ, ಭಾಗಗಳನ್ನು ಕಲಸಿ, ಹೊಸ ಮರದ ಹಿಡಿಗಳಿಗೆ ಮತ್ತೆ ಜೋಡಿಸಿ ನೋಡಿದರು. ಎಲ್ಲ ಕೂತವು. ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದು ಸಮಿತಿ ಒಪ್ಪಿಕೊಂಡಿತು. 1834ರ ಹೊತ್ತಿಗೆ ನೂರಾರು ಮೈಲಿ ದೂರದ ಕನೆಕ್ಟಿಕಟ್‌ನಲ್ಲಿ ಸಿಮಿಯನ್ ನಾರ್ತ್ ಮಾಡಿದ ಭಾಗಗಳೂ ಇಲ್ಲಿನ ರೈಫಲ್‌ಗೆ ಹೊಂದುತ್ತಿದ್ದವು.

ಇನ್ನೊಂದು ಯಂತ್ರವನ್ನೂ ಹತ್ತಿರದಿಂದ ನೋಡಿ. ಥಾಮಸ್ ಬ್ಲಾಂಚರ್ಡ್ ಎಂಬವನ ಲೇತ್. ಬಂದೂಕಿನ ಮರದ ಹಿಡಿ ಎಷ್ಟು ಡೊಂಕು, ಎಷ್ಟು ಉಬ್ಬುತಗ್ಗು ಇರುತ್ತದೆ ಗೊತ್ತಲ್ಲ, ಅದನ್ನು ಕೈಯಲ್ಲಿ ಕೆತ್ತುವುದಕ್ಕೇ ಹೊತ್ತು ಹೋಗುತ್ತಿತ್ತು. ಬ್ಲಾಂಚರ್ಡ್ ಒಂದು ಕಡೆ ಹಿಡಿಯ ಮಾದರಿ ಕೂರಿಸಿದ, ಪಕ್ಕದಲ್ಲಿ ಇನ್ನೂ ಕೆತ್ತದ ಮರದ ತುಂಡು. ಎರಡೂ ಒಟ್ಟಿಗೆ ತಿರುಗುತ್ತವೆ. ಮಾದರಿಯ ಮೈ ಸವರಿಕೊಂಡು ಒಂದು ಚಕ್ರ ಏರಿಳಿಯುತ್ತದೆ. ಅದೇ ಏರಿಳಿತದಲ್ಲಿ ಬ್ಲೇಡಿನ ಚಕ್ರ ಮರವನ್ನು ಕೊರೆಯುತ್ತದೆ. ಮಾದರಿ ಹೇಗಿದೆಯೋ ಮರ ಹಾಗೇ ಆಗುತ್ತದೆ. ಬಡಗಿಯ ಕೈಚಳಕ ಈಗ ಆ ಮಾದರಿಯಲ್ಲಿ, ಆ ಚಕ್ರದಲ್ಲಿ ಕೂತಿತು. ಯಂತ್ರ ಎತ್ತಿಕೊಂಡು ಹೋದವನು ಆ ಕೈಚಳಕವನ್ನೂ ಎತ್ತಿಕೊಂಡು ಹೋದ ಹಾಗೆ.

ಇದೆಲ್ಲ ಸುಲಭವಾಗಿ ಬರಲಿಲ್ಲ. ಹಳೇ ಕಾಲದ ಕುಶಲಕರ್ಮಿಗಳಿಗೆ ತಮ್ಮ ಹೊತ್ತಿಗೆ ಬಂದು, ತಮ್ಮ ಹೊತ್ತಿಗೆ ಹೋಗಿ ರೂಢಿ. 1830ರಲ್ಲಿ ಶಿಸ್ತು ಬಿಗಿ ಮಾಡಿದ ಮೇಲ್ವಿಚಾರಕ ಥಾಮಸ್ ಡನ್‌ನನ್ನು ಕೆಲಸ ಕಳೆದುಕೊಂಡ ಒಬ್ಬ ಕಾರ್ಮಿಕ ಕಚೇರಿಯಲ್ಲೇ ಗುಂಡಿಟ್ಟು ಕೊಂದ. 1842ರಲ್ಲಿ ಗಡಿಯಾರ ತೂಗುಹಾಕಿ ಹಾಜರಿ ಶುರು ಮಾಡಿದಾಗ ಕಾರ್ಮಿಕರು ಕೆಲಸ ನಿಲ್ಲಿಸಿದರು. ದೋಣಿ ಬಾಡಿಗೆ ಹಿಡಿದು ಕಾಲುವೆಯಲ್ಲಿ ವಾಷಿಂಗ್ಟನ್ನಿಗೇ ಹೋಗಿ ಅಧ್ಯಕ್ಷ ಟೈಲರ್ ಎದುರು ನಿಂತರು. ಅಧ್ಯಕ್ಷ ಒಳ್ಳೆ ಮಾತಾಡಿ ವಾಪಸ್ ಕಳಿಸಿದ, ಗಡಿಯಾರ ಉಳಿಯಿತು. ಕಾರ್ಖಾನೆಯ ಮೇಲೆ ಈ ಜನರಿಗೆ ಎಷ್ಟು ಹಕ್ಕಿನ ಭಾವನೆ ಇತ್ತು ಎಂಬುದು ಇದರಲ್ಲಿ ಕಾಣುತ್ತದೆ. ಅಪ್ಪ, ಮಗ, ಅಳಿಯ ಎಲ್ಲ ಅಲ್ಲೇ ದುಡಿಯುತ್ತಿದ್ದರು. 1850ರ ದಶಕದಲ್ಲಿ ನಾನೂರರ ಆಸುಪಾಸು ಜನ ಅಲ್ಲಿ ಸಂಬಳ ಎಣಿಸುತ್ತಿದ್ದರು. ಕಾರ್ಖಾನೆಯೇ ಊರು, ಊರೇ ಕಾರ್ಖಾನೆ.

1859ರ ಎಚ್ಚರಿಕೆ

ಜಾನ್ ಬ್ರೌನ್‌ನ ದಾಳಿಯ ಬಗ್ಗೆ ಬಹಳ ಬರೆದಿದ್ದಾರೆ, ಇಲ್ಲಿ ಚುಟುಕಾಗಿ ಹೇಳುತ್ತೇನೆ. 1859ರ ಅಕ್ಟೋಬರ್ 16ರ ರಾತ್ರಿ ಗುಲಾಮಗಿರಿಯ ಕಡು ವಿರೋಧಿ ಬ್ರೌನ್ ಸುಮಾರು ಇಪ್ಪತ್ತು ಜನರನ್ನು ಕಟ್ಟಿಕೊಂಡು ಈ ಶಸ್ತ್ರಾಗಾರಕ್ಕೆ ನುಗ್ಗಿದ. ಇಲ್ಲಿನ ಬಂದೂಕು ಹಿಡಿದು ಗುಲಾಮರನ್ನು ಬಿಡಿಸುವುದು ಅವನ ಉದ್ದೇಶ. ಅವನ ಜೊತೆಯವರಲ್ಲಿ ಐವರು ಕಪ್ಪು ಜನಾಂಗದವರು. ದುರಂತ ನೋಡಿ, ದಾಳಿಯಲ್ಲಿ ಮೊದಲು ಸತ್ತದ್ದು ಹೇವರ್ಡ್ ಶೆಫರ್ಡ್, ರೈಲು ನಿಲ್ದಾಣದಲ್ಲಿ ಸಾಮಾನು ನೋಡಿಕೊಳ್ಳುತ್ತಿದ್ದ ಸ್ವತಂತ್ರ ಕಪ್ಪು ಮನುಷ್ಯ. ಕರ್ನಲ್ ರಾಬರ್ಟ್ ಲೀ ನೇತೃತ್ವದಲ್ಲಿ ಬಂದ ನೌಕಾಸೈನಿಕರು 18ರ ಬೆಳಿಗ್ಗೆ, ಬ್ರೌನ್ ಅಡಗಿದ್ದ ಅಗ್ನಿಶಾಮಕ ಬಂಡಿಯ ಮನೆಯ ಬಾಗಿಲು ಒಡೆದರು. ಡಿಸೆಂಬರ್ 2ರಂದು ಬ್ರೌನ್‌ಗೆ ಗಲ್ಲಾಯಿತು.

ನಮ್ಮ ಪ್ರಕರಣಕ್ಕೆ ಬೇಕಾದದ್ದು ಒಂದೇ ವಿಷಯ. ಆ ರಾತ್ರಿ ಇಡೀ ಶಸ್ತ್ರಾಗಾರವನ್ನು ಕಾಯುತ್ತಿದ್ದದ್ದು ಸೈನಿಕರಲ್ಲ, ಬರೀ ಕಾವಲುಗಾರರು. ಕೈಬೆರಳೆಣಿಕೆಯ ಜನ ಇಡೀ ಜಾಗವನ್ನು ಹಿಡಿದುಬಿಟ್ಟರು. ಗುಡ್ಡದ ನಡುವಿನ ಈ ಹೊಂಡವನ್ನು ಕಾಯುವುದು ಎಷ್ಟು ಕಷ್ಟ ಎಂದು ಒಂದೂವರೆ ವರ್ಷ ಮೊದಲೇ ಗೊತ್ತಾಗಿತ್ತು. ಆದರೂ 1861ರ ಜನವರಿಯಲ್ಲಿ ಸರ್ಕಾರ ಕಳಿಸಿದ್ದು ಜೋನ್ಸ್‌ನ ಒಂದು ಸಣ್ಣ ತುಕಡಿಯನ್ನು.

ಏಪ್ರಿಲ್‌ನ ಆ ಎರಡು ದಿನ

1861ರ ಏಪ್ರಿಲ್ 12ರಂದು ದಕ್ಷಿಣದವರು ಒಕ್ಕೂಟ ಸರ್ಕಾರದ ಸಮ್ಟರ್ ಕೋಟೆಯ ಮೇಲೆ ತೋಪು ಹಾರಿಸಿದರು. 15ರಂದು ಅಧ್ಯಕ್ಷ ಲಿಂಕನ್ 75,000 ಸೈನಿಕರಿಗೆ ಕರೆ ಕೊಟ್ಟ. 17ರಂದು ವರ್ಜೀನಿಯಾದ ಸಭೆ 88–55 ಮತಗಳಿಂದ ಒಕ್ಕೂಟದಿಂದ ಹೊರಬರಲು ತೀರ್ಮಾನಿಸಿತು. ಆದರೆ ಹಾರ್ಪರ್ಸ್ ಫೆರಿ ಮೇಲೆ ದಾಳಿಯ ಯೋಜನೆ ಮತ ಬೀಳುವ ಮೊದಲೇ ನಡೆದಿತ್ತು. ಮಾಜಿ ಗವರ್ನರ್ ಹೆನ್ರಿ ವೈಸ್ ತನ್ನ ಕಡೆಯವರನ್ನು ಸೇರಿಸಿ, ಸರ್ಕಾರದ ಆದೇಶಕ್ಕೂ ಕಾಯದೆ, ಸೇನಾಪಡೆಗಳನ್ನು ರೈಲು ಹತ್ತಿಸುವ ಏರ್ಪಾಡು ಮಾಡಿದ್ದ.

ಇನ್ನೊಂದು ವಿಚಿತ್ರ ಗಮನಿಸಿ. ಕಾರ್ಖಾನೆಯ ಮೇಲ್ವಿಚಾರಕನಾಗಿದ್ದ ಆಲ್ಫ್ರೆಡ್ ಬಾರ್ಬರ್ ಅದೇ ಸಭೆಯ ಸದಸ್ಯನೂ ಆಗಿದ್ದ. ಸಂಬಳ ಕೊಟ್ಟದ್ದು ಒಕ್ಕೂಟ ಸರ್ಕಾರ, ಕೂತಿದ್ದು ಒಕ್ಕೂಟ ಬಿಡುವ ಸಭೆಯಲ್ಲಿ. 17ರಂದು ಅವನು ಹಾರ್ಪರ್ಸ್ ಫೆರಿಗೆ ಬಂದು ಕಾರ್ಮಿಕರನ್ನು ಸೇರಿಸಿದ. ವರ್ಜೀನಿಯಾದ ಪಡೆಗಳು ಬರುತ್ತಿವೆ, ವರ್ಜೀನಿಯಾದ ಕಡೆ ನಿಲ್ಲಿ, ನಿಮ್ಮ ಕೆಲಸ ಉಳಿಯುತ್ತದೆ ಎಂಬರ್ಥದ ಮಾತಾಡಿದ. ಕೆಲವರು ಸಿಟ್ಟಾದರು, ಕೆಲವರು ತಲೆದೂಗಿದರು. ಒಕ್ಕೂಟದ ಪರ ಇದ್ದವರೂ ಅಲ್ಲಿ ಕಡಿಮೆ ಇರಲಿಲ್ಲ. ಎಲ್ಲರ ತಲೆಯಲ್ಲೂ ಇದ್ದ ಪ್ರಶ್ನೆ ಮಾತ್ರ ಒಂದೇ: ನಾಳೆ ಕೆಲಸ ಇರುತ್ತದಾ?

18ರ ಸಂಜೆಯ ಹೊತ್ತಿಗೆ ಜೋನ್ಸ್‌ಗೆ ತಾನು ಒಂಟಿ ಎಂದು ಅರ್ಥವಾಗಿತ್ತು. ಕೇಳಿದ ಹೆಚ್ಚುವರಿ ಸೈನ್ಯ ಬರಲಿಲ್ಲ. ಅವನ ಜನ ಗುಟ್ಟಾಗಿ ಮದ್ದನ್ನು ಒಳಗೆ ಸಾಗಿಸಿ ಕಟ್ಟಡಗಳಲ್ಲಿ ಹರಡಿದರು. ಹತ್ತು ಗಂಟೆ ದಾಟುತ್ತಿದ್ದಂತೆ ಸುದ್ದಿ ಬಂತು: ಹಾಲ್‌ಟೌನ್ ಕಡೆಯಿಂದ 300 ಜನ ಬರುತ್ತಿದ್ದಾರೆ, ಇಪ್ಪತ್ತು ನಿಮಿಷದ ದಾರಿಯಲ್ಲಿದ್ದಾರೆ. ಅವರ ಹಿಂದೆ ಎರಡೂವರೆ ಮೂರು ಸಾವಿರ ಜನ ಇದ್ದಾರೆ ಎಂದೂ ಅವನಿಗೆ ಹೇಳಿದ್ದರು. ನಿಜಕ್ಕೂ ಅಂದು ಬಂದವರು 360 ಅಷ್ಟೇ. ಆದರೆ ಕತ್ತಲಲ್ಲಿ ನಿಂತವನಿಗೆ ಅದು ಹೇಗೆ ಗೊತ್ತಾಗಬೇಕು? ಬೆಂಕಿ ಇಟ್ಟ.

ಬೆಂಕಿ ಆರಿಸಿದವರು

ಸದ್ದು ಕೇಳಿ ಊರೇ ಬೀದಿಗೆ ಬಂತು. ಸೇತುವೆ ಕಡೆ ಹೊರಟ ಸೈನಿಕರನ್ನು ಜನ ಸಿಟ್ಟಿನಿಂದ ಮುತ್ತಿಕೊಂಡರು. ಜೋನ್ಸ್ ಹೇಗೋ ಪಾರಾಗಿ ಮೇರಿಲ್ಯಾಂಡ್ ಮೂಲಕ ಪೆನ್ಸಿಲ್ವೇನಿಯಾದ ಕಾರ್ಲೈಲ್ ಸೇರಿದ.

ಉಗ್ರಾಣದ ಹತ್ತಿರ ಯಾರೂ ಹೋಗುವ ಹಾಗಿರಲಿಲ್ಲ. ಹಾಗಾಗಿ ಜನ ಕಾರ್ಖಾನೆ ಕಡೆ ಓಡಿದರು. ಅಲ್ಲಿ ಬಡಗಿ ಕೆಲಸದ ಶೆಡ್ ಉರಿಯುತ್ತಿತ್ತು. ಉಳಿದ ಶೆಡ್‌ಗಳಿಗೆ ಹಬ್ಬುವ ಮೊದಲೇ ನೀರು ಹೊಯ್ದು ಬೆಂಕಿ ಹತೋಟಿಗೆ ತಂದರು. ಬೆಲ್ಟು, ರಾಟೆ, ಲೇತ್, ಅಚ್ಚು, ಗೇಜು ಎಲ್ಲ ಉಳಿದವು.

ಇದನ್ನು ದೇಶದ್ರೋಹ ಎಂದು ಕರೆದ ಉತ್ತರದವರಿದ್ದರು. ನಾನು ಹಾಗೆ ನೋಡಲಾರೆ. ಆ ರಾತ್ರಿ ನೀರು ಹೊಯ್ದವರಲ್ಲಿ ಒಕ್ಕೂಟದ ಪರದವರೂ ಇದ್ದಿರಬೇಕು, ದಕ್ಷಿಣದ ಪರದವರೂ ಇದ್ದಿರಬೇಕು. ತಾನು ದಿನಾ ಎಣ್ಣೆ ಬಿಟ್ಟು ತಿರುಗಿಸುವ ಯಂತ್ರ ಕಣ್ಣೆದುರು ಸುಡುವಾಗ ಯಾವ ಕಾರ್ಮಿಕ ಕೈಕಟ್ಟಿ ನಿಲ್ಲುತ್ತಾನೆ? ಅದು ಅವನ ಹೊಟ್ಟೆಪಾಡು. ಬಾರ್ಬರ್ ಹಿಂದಿನ ದಿನ ತಾನೇ ಕೆಲಸ ಉಳಿಯುತ್ತದೆ ಎಂದಿದ್ದ.

ಉಳಿಯಲಿಲ್ಲ. ಏಪ್ರಿಲ್ ಕೊನೆಯಲ್ಲಿ ವರ್ಜೀನಿಯಾದ ಕಡೆಯಿಂದ ಕರ್ನಲ್ ಥಾಮಸ್ ಜಾಕ್ಸನ್ ಬಂದು ಊರಿನ ಅಧಿಕಾರ ವಹಿಸಿಕೊಂಡ, ಮುಂದೆ ‘ಸ್ಟೋನ್‌ವಾಲ್’ ಎಂದು ಹೆಸರಾದವನು. ಈ ತಗ್ಗಿನ ಊರಿನಲ್ಲಿ ಯಂತ್ರಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಬಿಚ್ಚಿ ಸಾಗಿಸುವ ಕೆಲಸ ಶುರುವಾಯಿತು. ಬೆಂಕಿಯಿಂದ ಉಳಿಸಿದ ಯಂತ್ರಗಳು ಒಂದೊಂದಾಗಿ ಊರು ಬಿಟ್ಟವು.

ಯಂತ್ರಗಳ ಪ್ರಯಾಣ

ನೂರಾರು ಯಂತ್ರ, ಸಾವಿರಾರು ಸಲಕರಣೆ, ಉದ್ದುದ್ದ ಶಾಫ್ಟು, ಬೆಲ್ಟು, ಅರ್ಧ ತಯಾರಾದ ಬಂದೂಕಿನ ಭಾಗಗಳು. ಹಾರ್ಪರ್ಸ್ ಫೆರಿಯಿಂದ ವಿಂಚೆಸ್ಟರ್‌ವರೆಗೆ ರೈಲು ಇತ್ತು. ಅಲ್ಲಿಂದ ಸ್ಟ್ರಾಸ್‌ಬರ್ಗ್‌ವರೆಗೆ ಹದಿನೆಂಟು ಮೈಲಿ ಹಳಿ ಇಲ್ಲ. ಅಷ್ಟು ದೂರ ಭಾರದ ಕಬ್ಬಿಣವನ್ನು ಬಂಡಿಗೆ ಏರಿಸಿ ಎಳೆಸಿದರು. ಸ್ಟ್ರಾಸ್‌ಬರ್ಗ್‌ನಲ್ಲಿ ಮತ್ತೆ ರೈಲು. ಮಸ್ಕೆಟ್ ಯಂತ್ರಗಳು ವರ್ಜೀನಿಯಾದ ರಿಚ್ಮಂಡ್‌ಗೆ ಹೋದವು, ರೈಫಲ್ ಯಂತ್ರಗಳು ಉತ್ತರ ಕೆರೊಲಿನಾದ ಫಾಯೆಟ್‌ವಿಲ್‌ಗೆ.

ದಕ್ಷಿಣಕ್ಕೆ ಇದು ಎಷ್ಟು ದೊಡ್ಡ ಗಂಟು ಎಂದು ತಿಳಿಯಬೇಕಾದರೆ ಅವರ ಕೈಯಲ್ಲಿ ಏನಿತ್ತು ಎಂದು ನೋಡಬೇಕು. ಹತ್ತಿ ಬೇಕಾದಷ್ಟಿತ್ತು, ಕಾರ್ಖಾನೆ ಕಡಿಮೆ. ಹತ್ತಿ ಮಾರಿ ಇಂಗ್ಲೆಂಡ್‌ನಿಂದ ಬಂದೂಕು ತರೋಣವೆಂದರೆ ಉತ್ತರದ ನೌಕಾಪಡೆ ಬಂದರುಗಳನ್ನು ಬಿಗಿದಿತ್ತು. (ಅದೇ ದಿಗ್ಬಂಧನದಿಂದಲೇ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಆ ವರ್ಷಗಳಲ್ಲಿ ಕಂಡರಿಯದ ಬೆಲೆ ಬಂದದ್ದು.) ಕದ್ದು ತಂದ ಬಂದೂಕು ಸಾಲುತ್ತಿರಲಿಲ್ಲ. ಸ್ವಂತವಾಗಿ ಮಾಡಲು ಯಂತ್ರ ಬೇಕು. ಯಂತ್ರ ಮಾಡಲು ಬೇರೆ ಯಂತ್ರ ಬೇಕು, ಅದಕ್ಕೆ ವರ್ಷಗಟ್ಟಲೆ ಸಮಯ ಬೇಕು. ಆ ಸಮಯವನ್ನೇ ಹಾರ್ಪರ್ಸ್ ಫೆರಿ ಅವರಿಗೆ ಕೊಟ್ಟಿತು.

ಜನವೂ ಜೊತೆಗೆ ಹೋದರು. ಜೇಮ್ಸ್ ಬರ್ಟನ್ ಹಾರ್ಪರ್ಸ್ ಫೆರಿಯಲ್ಲಿ ಪಳಗಿದವನು. ಆಮೇಲೆ ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಗೆ ಮುಖ್ಯ ಎಂಜಿನಿಯರ್ ಆಗಿ ಹೋಗಿ, ಅಮೆರಿಕದ ಯಂತ್ರಗಳಲ್ಲಿ ಬಂದೂಕು ಮಾಡುವ ಪದ್ಧತಿಯನ್ನು ಅಲ್ಲಿ ಊರಿಸಿದ. ನಮ್ಮ 1857ರ ಚರಿತ್ರೆಯಲ್ಲಿ ಬರುವ ಎನ್‌ಫೀಲ್ಡ್ ಅದೇ ಹೆಸರಿನದು. 1860ರಲ್ಲಿ ವಾಪಸ್ ಬಂದಿದ್ದ ಬರ್ಟನ್‌ನನ್ನು ರಿಚ್ಮಂಡ್ ಕಾರ್ಖಾನೆಗೆ ಮುಖ್ಯಸ್ಥನಾಗಿ ಮಾಡಿದರು. ತಾನು ಬಲ್ಲ ಯಂತ್ರಗಳೇ ಎದುರಿಗೆ ಬಂದು ಇಳಿದಾಗ ಜೋಡಿಸುವುದು ಅವನಿಗೆ ಕಷ್ಟವಾಗಲಿಲ್ಲ. ಫಾಯೆಟ್‌ವಿಲ್‌ನಲ್ಲಿ ಮುಖ್ಯ ಆರ್ಮರರ್ (ಬಂದೂಕು ಕೆಲಸದ ಮೇಸ್ತ್ರಿ) ಆದ ಫಿಲಿಪ್ ಬರ್ಕಾರ್ಟ್ ಕೂಡ ಹಾರ್ಪರ್ಸ್ ಫೆರಿಯವನೇ. ಎಷ್ಟೋ ಕುಟುಂಬಗಳು ಯಂತ್ರದ ಹಿಂದೆ ದಕ್ಷಿಣಕ್ಕೆ ಹೋದವು. ಒಕ್ಕೂಟದ ಪರ ಇದ್ದ ಕೆಲವರು ಉತ್ತರದ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಅಲ್ಲಿ ಬಂದೂಕು ಮಾಡಿದರು. ನಿನ್ನೆವರೆಗೆ ಅಕ್ಕಪಕ್ಕದ ಬೆಂಚಿನಲ್ಲಿ ಕೂತವರು ಈಗ ಎದುರುಬದುರು ಸೈನ್ಯಗಳಿಗೆ ಬಂದೂಕು ಮಾಡತೊಡಗಿದರು.

ಹಾರ್ಪರ್ಸ್ ಫೆರಿಯ ಗುರುತು ಆ ಬಂದೂಕುಗಳಲ್ಲೇ ಕಾಣುತ್ತದೆ. 1855ರ ಮಾದರಿಯ ಲಾಕಿನ (ಕಿಡಿ ಕೊಟ್ಟು ಗುಂಡು ಹಾರಿಸುವ ಭಾಗದ) ತಗಡಿನಲ್ಲಿ ಒಂದು ಉಬ್ಬು ಇರುತ್ತಿತ್ತು. ಮೇನಾರ್ಡ್ ಎಂಬವನ ಕಿಡಿ ಹಾರಿಸುವ ಕಾಗದದ ಸುರುಳಿಯನ್ನು ಅದರೊಳಗೆ ಇಡುತ್ತಿದ್ದರು. ದಕ್ಷಿಣದವರು ಆ ಸುರುಳಿ ಬಳಸಲಿಲ್ಲ. ಆದರೆ ತಗಡು ಬಡಿಯುವ ಅಚ್ಚು ಹಾರ್ಪರ್ಸ್ ಫೆರಿಯದು. ಹಾಗಾಗಿ ಮೊದಮೊದಲ ರಿಚ್ಮಂಡ್, ಫಾಯೆಟ್‌ವಿಲ್ ಬಂದೂಕುಗಳಲ್ಲಿ ಯಾವ ಉಪಯೋಗವೂ ಇಲ್ಲದ ಆ ಉಬ್ಬು ಹಾಗೇ ಇದೆ. ಆಮೇಲೆ ಅಚ್ಚು ತಿದ್ದಿ ಉಬ್ಬನ್ನು ತಗ್ಗಿಸಿದರು. ಹಳೇ ಬಂದೂಕು ಸಂಗ್ರಹಿಸುವವರು ಇಂದಿಗೂ ಮೊದಲು ನೋಡುವುದು ಈ ಉಬ್ಬನ್ನೇ.

ಇತ್ತ ಊರಿನಲ್ಲಿ ಉಳಿದಿದ್ದು ಖಾಲಿ ಕಟ್ಟಡಗಳು. ಜಾಕ್ಸನ್ ನಂತರ ಬಂದ ಜನರಲ್ ಜೋಸೆಫ್ ಜಾನ್‌ಸ್ಟನ್, ಈ ಜಾಗ ಕಾಯಲು ಆಗದು ಎಂದು ಜೂನ್ ಮಧ್ಯದಲ್ಲಿ ಹಿಂದೆ ಸರಿದ. ಜೂನ್ 14ರಂದು ದಕ್ಷಿಣದ ಸೈನಿಕರು ರೈಲು ಸೇತುವೆ ಸಿಡಿಸಿ, ಕಾರ್ಖಾನೆಗೆ ಬೆಂಕಿ ಇಟ್ಟರು. ಅದೇ ತಿಂಗಳ 28ರಂದು ಮತ್ತೆ ಬಂದು ಹಾಲ್‌ನ ರೈಫಲ್ ಕಾರ್ಖಾನೆಯನ್ನೂ ಸುಟ್ಟರು. ಏಪ್ರಿಲ್‌ನಲ್ಲಿ ಕಾರ್ಮಿಕರು ಉಳಿಸಿದ ಗೋಡೆಗಳು ಎರಡು ತಿಂಗಳಲ್ಲಿ ಇನ್ನೊಬ್ಬರ ಬೆಂಕಿಗೆ ಹೋದವು.

ಜೋನ್ಸ್ ಬೇರೆ ಏನು ಮಾಡಬಹುದಿತ್ತು?

ಈ ಪ್ರಕರಣ ಓದಿದವರು ಕೇಳುವ ಮೊದಲ ಪ್ರಶ್ನೆ ಇದು: ಬಂದೂಕು ಬಿಟ್ಟು ಯಂತ್ರ ಒಡೆಯಬಾರದಿತ್ತೇ? ಉರಿಯುವ ಬಂದೂಕು ಕಣ್ಣಿಗೆ ಕಾಣುತ್ತದೆ, ಎಣಿಕೆಗೆ ಸಿಗುತ್ತದೆ, ವರದಿಯಲ್ಲಿ 15,000 ಎಂದು ಬರೆಯಬಹುದು. ಆದರೆ ಇನ್ನೊಂದು ಲೆಕ್ಕ ನೋಡಿ. ಸ್ಪ್ರಿಂಗ್‌ಫೀಲ್ಡ್ ಒಂದೇ ಕಾರ್ಖಾನೆ 1864ರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಬಂದೂಕು ಮಾಡಿತು. ಹಾಗಾದರೆ 15,000 ಎಂದರೆ ಒಂದು ಒಳ್ಳೆ ಕಾರ್ಖಾನೆಗೆ ಕೆಲವು ವಾರದ ಕೆಲಸ. ದಕ್ಷಿಣಕ್ಕೆ ಆ ವೇಗ ಎಂದೂ ಸಿಗಲಿಲ್ಲ, ನಿಜ. ಆದರೂ ಬಂದೂಕು ಒಮ್ಮೆ ಹೋದರೆ ಹೋಯಿತು, ಯಂತ್ರ ಇದ್ದರೆ ಮತ್ತೆ ಮತ್ತೆ ಬರುತ್ತದೆ.

ಹಾಗಂತ ಜೋನ್ಸ್‌ನ ತಲೆಗೆ ತಪ್ಪು ಕಟ್ಟುವುದು ನ್ಯಾಯವಲ್ಲ. ಎರಕದ ಕಬ್ಬಿಣದ ಯಂತ್ರ ಸುಲಭಕ್ಕೆ ಸುಡುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ, ಐವತ್ತು ಜನರಿಂದ, ಸಿಟ್ಟಿಗೆದ್ದ ಊರಿನ ನಡುವೆ ನೂರಾರು ಯಂತ್ರಗಳನ್ನು ಸುತ್ತಿಗೆಯಿಂದ ಒಡೆಯುವುದು ಆಗದ ಮಾತು. ಕಾರ್ಖಾನೆಗೂ ಅವನು ಮದ್ದು ಇಟ್ಟಿದ್ದ, ಬೆಂಕಿಯೂ ಹತ್ತಿತ್ತು. ಅದನ್ನು ಆರಿಸುವ ಜನ ಇದ್ದರು ಅಷ್ಟೇ.

ನಿಜವಾದ ತಪ್ಪು ವಾಷಿಂಗ್ಟನ್ನಿನದು ಎಂಬುದು ನನ್ನ ಅಭಿಪ್ರಾಯ. ಜನವರಿಯಿಂದ ಏಪ್ರಿಲ್‌ವರೆಗೆ ಮೂರು ತಿಂಗಳು ಇತ್ತು. ರೈಲು ಹಳಿ ಕಾರ್ಖಾನೆಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಎಲ್ಲ ಯಂತ್ರ ಬೇಡ, ಹಿಡಿ ಕೆತ್ತುವ ಲೇತ್‌ನ ಮಾದರಿಗಳು, ಗೇಜುಗಳು, ಲಾಕಿನ ಅಚ್ಚುಗಳು, ಇಷ್ಟನ್ನು ಪೆಟ್ಟಿಗೆಗೆ ಹಾಕಿ ಉತ್ತರಕ್ಕೆ ಕಳಿಸಿದ್ದರೂ ಉಳಿದ ಯಂತ್ರಗಳು ಬಹಳ ಕಾಲ ಕುಂಟುತ್ತಿದ್ದವು. ಆದರೆ ಹಾಗೆ ಮಾಡಿದರೆ ವರ್ಜೀನಿಯಾ ಕೈತಪ್ಪಿತು ಎಂದು ಸರ್ಕಾರವೇ ಒಪ್ಪಿಕೊಂಡ ಹಾಗೆ. ಇನ್ನೂ ಒಕ್ಕೂಟದಲ್ಲೇ ಇದ್ದ ರಾಜ್ಯವನ್ನು ಕೆಣಕಲು ಯಾರಿಗೂ ಧೈರ್ಯ ಬರಲಿಲ್ಲ. ನೋಡೋಣ, ಕಾಯೋಣ ಎನ್ನುವುದರಲ್ಲೇ ದಿನ ಕಳೆದವು.

ಎರಡು ದಿನದ ನಂತರ ನಾರ್ಫೋಕ್ ಹತ್ತಿರದ ಗಾಸ್‌ಪೋರ್ಟ್ ನೌಕಾ ಅಂಗಳದಲ್ಲೂ ಇದೇ ಆಯಿತು. ಅವಸರದಲ್ಲಿ ಬೆಂಕಿ ಇಟ್ಟು ಹೊರಟರು. ಸಾವಿರಕ್ಕೂ ಹೆಚ್ಚು ತೋಪುಗಳು ಮತ್ತು ಹಡಗು ರಿಪೇರಿ ಮಾಡುವ ಡ್ರೈ ಡಾಕ್ ದಕ್ಷಿಣದ ಕೈಗೆ ಸಿಕ್ಕವು. ಅರ್ಧ ಸುಟ್ಟು ಮುಳುಗಿದ ಮೆರಿಮ್ಯಾಕ್ ಹಡಗನ್ನು ಎತ್ತಿ, ಕಬ್ಬಿಣ ಹೊದಿಸಿ, ‘ವರ್ಜೀನಿಯಾ’ ಎಂಬ ಯುದ್ಧನೌಕೆ ಮಾಡಿದರು.

ಫಾಯೆಟ್‌ವಿಲ್, 1865

ಫಾಯೆಟ್‌ವಿಲ್‌ನದ್ದೂ ಮೂಲತಃ ಒಕ್ಕೂಟ ಸರ್ಕಾರದ ಶಸ್ತ್ರಾಗಾರವೇ. 1838ರಲ್ಲಿ ಕಟ್ಟಲು ಶುರು ಮಾಡಿದ್ದು. 1861ರ ಏಪ್ರಿಲ್ 22ರಂದು ರಾಜ್ಯದ ಪಡೆಗಳು ಒಂದೂ ಗುಂಡು ಹಾರಿಸದೆ ಅದನ್ನು ವಶಪಡಿಸಿಕೊಂಡವು. ಅಲ್ಲಿಗೆ ಹಾರ್ಪರ್ಸ್ ಫೆರಿಯ ರೈಫಲ್ ಯಂತ್ರಗಳು ಬಂದ ಮೇಲೆ ಹೊಸ ಕಟ್ಟಡಗಳು ಎದ್ದವು. ಊರಿನ ಹೆಂಗಸರು, ಹುಡುಗಿಯರು ಅಲ್ಲಿ ತೋಟಾ ಕಟ್ಟುವ ಕೆಲಸಕ್ಕೆ ಬಂದರು.

1865ರ ಮಾರ್ಚ್ 11ರಂದು ಉತ್ತರದ ಜನರಲ್ ಶರ್ಮನ್‌ನ ಸೈನ್ಯ ಊರು ಹೊಕ್ಕಿತು. ಯಂತ್ರಗಳ ಬೆಲೆ ಈಗ ಎರಡೂ ಕಡೆಯವರಿಗೆ ಗೊತ್ತಿತ್ತು. ದಕ್ಷಿಣದವರು ಒಂದಷ್ಟನ್ನು ಮೊದಲೇ ರೈಲಿನಲ್ಲಿ ಬೇರೆಡೆಗೆ ಸಾಗಿಸಿದ್ದರು. ಶರ್ಮನ್ ಉಳಿದದ್ದನ್ನು ಬರೀ ಬೆಂಕಿಗೆ ಬಿಡಲಿಲ್ಲ. ಕರ್ನಲ್ ಪೋ ಕೈಕೆಳಗಿನ ಮಿಷಿಗನ್ ಎಂಜಿನಿಯರ್ ಪಡೆಗೆ ಕೆಲಸ ಒಪ್ಪಿಸಿದ. ಅವರು ಯಂತ್ರಗಳನ್ನು ಒಡೆದರು. ಆಮೇಲೆ ರೈಲು ಕಂಬಿಗಳನ್ನು ಸರಪಳಿಯಲ್ಲಿ ತೂಗುಹಾಕಿ, ತೂಗಿ ತೂಗಿ ಗೋಡೆಗೆ ಗುದ್ದಿದರು. ಗೋಡೆ ಬಿದ್ದ ಮೇಲೆ ಬೆಂಕಿ ಇಟ್ಟರು. ಒಳಗಿದ್ದ ಮದ್ದುಗುಂಡುಗಳು ಸಿಡಿದವು. ಇಲ್ಲಿ ಅವಸರ ಇರಲಿಲ್ಲ, ಅಡ್ಡ ಬರುವವರೂ ಇರಲಿಲ್ಲ. ನಂಬಿಕೆಗೆ ದ್ರೋಹ ಮಾಡಿದ ಜನರ ಕೈಗೆ ಸರ್ಕಾರ ಇಂಥ ಆಸ್ತಿಯನ್ನು ಇನ್ನೆಂದೂ ಒಪ್ಪಿಸಬಾರದು ಎಂದು ಶರ್ಮನ್ ಯುದ್ಧಮಂತ್ರಿ ಸ್ಟಾಂಟನ್‌ಗೆ ಬರೆದ.

ರಿಚ್ಮಂಡ್ ಕಾರ್ಖಾನೆಯ ಕಥೆ ಏಪ್ರಿಲ್ 3ರಂದು ಮುಗಿಯಿತು. ದಕ್ಷಿಣದ ಸೈನ್ಯ ಊರು ಬಿಡುವಾಗ ಗೋದಾಮುಗಳಿಗೆ ಇಟ್ಟ ಬೆಂಕಿ ಹಬ್ಬಿ ನಗರದ ಪೇಟೆ ಭಾಗವನ್ನೇ ಸುಟ್ಟಿತು. ಬಂದೂಕು ಕಾರ್ಖಾನೆಯೂ ಅದರಲ್ಲಿ ಹೋಯಿತು.

ಊರಿಗೆ ಉಳಿದದ್ದು

ಯುದ್ಧದ ನಾಲ್ಕು ವರ್ಷದಲ್ಲಿ ಹಾರ್ಪರ್ಸ್ ಫೆರಿ ಎಂಟು ಸಲ ಕೈ ಬದಲಾಯಿತು. 1862ರ ಸೆಪ್ಟೆಂಬರ್‌ನಲ್ಲಿ ಜಾಕ್ಸನ್ ಸುತ್ತಲ ಗುಡ್ಡಗಳಿಗೆ ತೋಪು ಏರಿಸಿದ. ಕೆಳಗಿದ್ದ ಒಕ್ಕೂಟದ 12,000ಕ್ಕೂ ಹೆಚ್ಚು ಸೈನಿಕರು ಶರಣಾದರು. ಅಂತರ್ಯುದ್ಧದಲ್ಲಿ ಒಕ್ಕೂಟದ ಕಡೆಯಿಂದ ಅಷ್ಟು ದೊಡ್ಡ ಶರಣಾಗತಿ ಇನ್ನೊಂದಿಲ್ಲ. 1863ರಲ್ಲಿ ವರ್ಜೀನಿಯಾ ಒಡೆದು ಪಶ್ಚಿಮ ವರ್ಜೀನಿಯಾ ಹುಟ್ಟಿತು, ಊರು ಹೊಸ ರಾಜ್ಯಕ್ಕೆ ಸೇರಿತು.

ಯುದ್ಧ ಮುಗಿದಾಗ ಹಳೇ ಕಾರ್ಮಿಕರು ಕೆಲವರು ವಾಪಸ್ ಬಂದರು. ಕಾರ್ಖಾನೆ ಮತ್ತೆ ಕಟ್ಟುತ್ತಾರೆ ಎಂದು ಕಾದರು. ಸರ್ಕಾರ ಕಟ್ಟಲಿಲ್ಲ. ಸ್ಪ್ರಿಂಗ್‌ಫೀಲ್ಡ್ ಒಂದರಿಂದಲೇ ಬೇಕಾದಷ್ಟು ಬಂದೂಕು ಬರುತ್ತಿತ್ತು. 1869ರಲ್ಲಿ ಜಾಗವನ್ನು ಹರಾಜಿಗೆ ಇಟ್ಟಿತು. ಮರುವರ್ಷ ಶೆನಂಡೋವಾ ಉಕ್ಕಿ ಬಂದು, ದಡದಲ್ಲಿ ಉಳಿದಿದ್ದ ಗಿರಣಿಗಳನ್ನೂ ಕೊಚ್ಚಿಕೊಂಡು ಹೋಯಿತು. 1894ರಲ್ಲಿ ರೈಲು ಕಂಪನಿ ಹಳಿಯನ್ನು ಸರಿಸಿ, ದೊಡ್ಡ ಕಾರ್ಖಾನೆಯ ಅಂಗಳದ ಮೇಲೆಯೇ ಮಣ್ಣಿನ ದಿಬ್ಬ ಹಾಕಿತು. ಉಗ್ರಾಣ ಇದ್ದ ಕಡೆ ಅಗೆದಾಗ 1861ರ ಏಪ್ರಿಲ್‌ನಲ್ಲಿ ಸುಟ್ಟ ಬಂದೂಕುಗಳ ಭಾಗಗಳು ರಾಶಿಯಾಗಿ ಸಿಕ್ಕವು. ಈಗ ಅಲ್ಲಿ ಅಡಿಪಾಯದ ಕಲ್ಲು ಕಾಣುವಂತೆ ಬಿಟ್ಟಿದ್ದಾರೆ, ಕೆಳಗಿನ ಊರಿನ ಬಹುಪಾಲು ರಾಷ್ಟ್ರೀಯ ಚಾರಿತ್ರಿಕ ಉದ್ಯಾನ.

ಸುಡದೆ ಉಳಿದವುಗಳಲ್ಲಿ ಗುಡ್ಡದ ಮೇಲಿನ ಅಧಿಕಾರಿಗಳ ನಾಲ್ಕು ದೊಡ್ಡ ಮನೆಗಳೂ ಸೇರಿವೆ. 1867ರಲ್ಲಿ ಅದರಲ್ಲೊಂದರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರ ಮಕ್ಕಳಿಗಾಗಿ ಸ್ಟೋರರ್ ಶಾಲೆ ಶುರುವಾಯಿತು. ಮುಂದೆ ಕಾಲೇಜಾಯಿತು. 1881ರಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಅಲ್ಲಿ ನಿಂತು ಜಾನ್ ಬ್ರೌನ್ ಬಗ್ಗೆ ಭಾಷಣ ಮಾಡಿದ. 1906ರಲ್ಲಿ, ಕಪ್ಪು ಜನರ ಹಕ್ಕಿಗಾಗಿ ಚಿಂತಕ ಡು ಬೋಯಿಸ್ ಮತ್ತು ಜೊತೆಗಾರರು ಕಟ್ಟಿದ ನಯಾಗರಾ ಚಳವಳಿಯ ಸಭೆ ಅದೇ ಅಂಗಳದಲ್ಲಿ ನಡೆಯಿತು, ಮತದಾನದ ಹಕ್ಕು ಪೂರ್ತಿಯಾಗಿ ಕೊಡಿ ಎಂದು ಆ ಸಭೆ ಕೇಳಿತು.